ಶೀನ ಶೆಟ್ಟರ ಸಂತೆಯಲ್ಲಿ ಅಜ್ಜಿ

ಬೋಳಾರದ ನಮ್ಮ ಪಕ್ಕದ ಮನೆಯ ವಕೀಲೆ ನಮಗೆಲ್ಲ ಲಾಯರಕ್ಕ. ಕಂಪ್ಯೂಟರಿನಲ್ಲಿ ಜಾಗದ ದಾಖಲೆ ಹುಡುಕುವಾಗ ಕನ್ನಡಕ ಹಣೆಗೇರಿಸಿ, ಬೇಡದ ಪ್ರತಿ ಹೆಸರನ್ನೂ "ಇದು ನಮ್ಮದಲ್ಲ, ಹೋಗಲಿ" ಎಂದು ಮೆಲ್ಲನೆ ಬೀಳ್ಕೊಡುತ್ತಿದ್ದರು.

ಉಳ್ಳಾಲದ ನಮ್ಮ ಜಾಗಕ್ಕೆ ಯಾರೋ ಬೇಲಿ ಹಾಕತೊಡಗಿದ್ದರು. ದಾಖಲೆಗಾಗಿ ಅಮ್ಮನೂ ನಾನೂ ಲಾಯರಕ್ಕನ ಮನೆಗೆ ಹೋದೆವು. ಅವರ ಕಂಪ್ಯೂಟರಿನಲ್ಲಿ ನಾನು ಅಜ್ಜನ ಹೆಸರು ಹಾಕಿ ಹುಡುಕಿದರೆ ಪರದೆ ತುಂಬ ಅದೇ ಹೆಸರಿನ ಶೀನ ಶೆಟ್ಟರೇ ಬಂದು ನಿಂತರು. ಲಾಯರಕ್ಕ ನಕ್ಕರು.

"ಅಳಿಯಕಟ್ಟಿನ ಜಾಗಕ್ಕೆ ಅಜ್ಜನನ್ನು ಎಂತಕ್ಕೆ ಹುಡುಕುವುದು ಮಾರಾಯ? ಅದು ಹೆಣ್ಣಿನ ಕಡೆಯಿಂದ ಬರುವುದಲ್ವಾ? ಅಜ್ಜಿಯ ಹೆಸರು ಹೇಳು."

ಅಜ್ಜಿಯ ಹೆಸರು ಹಾಕಿದ್ದೇ ಶೆಟ್ಟರೆಲ್ಲ ಮಾಯವಾದರು. ಅದೇ ಹೆಸರಿನ ಬೇರೆ ಹೆಂಗಸರನ್ನೂ ಲಾಯರಕ್ಕ ಒಬ್ಬೊಬ್ಬರನ್ನಾಗಿ ಕಳುಹಿಸಿದರು. ಕೊನೆಗೆ ಉಳಿದದ್ದು ಒಂದೇ ಸಾಲು. ಅಮ್ಮನೂ ನಾನೂ ಗರ್ಭಗುಡಿಯ ಮುಂದೆ ನಿಂತವರಂತೆ ಪರದೆಯತ್ತ ಬಾಗಿದೆವು.

ಲಾಯರಕ್ಕ ಕನ್ನಡಕ ಇಳಿಸಿದರು.

"ಇದು ನಮ್ಮದು. ಹೋಗಬಾರದು."