ಮಾಳಪ್ಪ ಹೊತ್ತ ಪಂಜಾ

ಬೆಳಿಗ್ಗೆ ಕಲಬುರಗಿ ಬಿಟ್ಟು, ಆಳಂದ ದಾಟಿ ಉಮರ್ಗಾ ಮುಟ್ಟುವಷ್ಟರಲ್ಲಿ ಬಸ್ಸು ನನ್ನ ಮೈಕೈಯನ್ನೆಲ್ಲ ಚೆನ್ನಾಗಿ ಕುಲುಕಿ ಹಾಕಿತ್ತು. ಅಲ್ಲಿಂದ ದಾಳಿಂಬಕ್ಕೆ ಶೇರ್ ಆಟೊ, ತಲೆಗೆ ಮೂವತ್ತು ರೂಪಾಯಿ. ಹಿಂದಿನ ದಿನವಷ್ಟೇ ಮಳೆಯಾಗಿತ್ತು. ಹೊಲಗಳಲ್ಲಿ ಸೋಯಾಬೀನ್ ಮೊಳಕೆ ಮೇಲೆದ್ದಿತ್ತು.

ಮೊಹರಮ್ಮಿಗೆ ಕರೆದವರು ಖಾತೂನಬಿ. ಕಲಬುರಗಿಯ ಆಸ್ಪತ್ರೆಯಲ್ಲಿ ನನ್ನ ಯಜಮಾನರ ಪಕ್ಕದ ಮಂಚದಲ್ಲಿ ಅವರ ಗಂಡ ಹುಸೇನಸಾಬರಿದ್ದರು, ಸೊಂಟದ ಎಲುಬು ಮುರಿದುಕೊಂಡು. ಅಲ್ಲಿದ್ದಷ್ಟು ದಿನ ಈಕೆ ತಮ್ಮ ಡಬ್ಬಿಯ ರೊಟ್ಟಿಯಲ್ಲಿ ನನಗೂ ಪಾಲು ಕೊಟ್ಟಿದ್ದರು. ಅದನ್ನು ಹೇಗೆ ಮರೆಯಲಿ?

ಊರಿನ ಪಂಜಾ, ಅಂದರೆ ಕೋಲಿಗೆ ಕಟ್ಟುವ ಬೆಳ್ಳಿಯ ಹಸ್ತ, ಇವರ ಮನೆತನದ ವಶದಲ್ಲಿದೆ. ಹತ್ತನೆಯ ದಿನ ಅದನ್ನು ಹೊತ್ತು ಮನೆಮನೆಗೆ ಹೋಗಬೇಕು. ಹುಸೇನಸಾಬರು ಏಳುವಂತಿಲ್ಲ. ಪುಣೆಯಿಂದ ಬಂದ ಮಗ ಯೂಸುಫ್, "ಇದು ನಮ್ಮ ಮಜಹಬ್‌ದಾಗ ಇಲ್ಲ ಮಾವಶಿ, ನಾ ಹೊರಂಗಿಲ್ಲ" ಎಂದು ನನಗೂ ಹೇಳಿದ.

ಖಾತೂನಬಿ ಬೆಲ್ಲ, ತುಪ್ಪ, ಚಪಾತಿ ಪುಡಿ ಕಲೆಸಿ ಮಲೀದಾ ಉಂಡೆ ಕಟ್ಟುತ್ತಿದ್ದರು. "ನಮಾಜ್ ನಮ್ದು, ಪಂಜಾ ಊರಿಂದು. ನಂಬಿ ನಮ್ಮ ಕೈಯಾಗ ಕೊಟ್ಟಾರ. ಅದು ಪೆಟ್ಟಿಗ್ಯಾಗ ಉಳದ್ರ ನಾವು ಯಾರ್ರೀ ಈ ಊರಾಗ?" ಅಂದರು. ನನ್ನ ಬಾಯಿ ತುಂಬ ಮಲೀದಾ ಇತ್ತು.

ಮಧ್ಯಾಹ್ನ ಪಕ್ಕದ ಮನೆಯ ಮಾಳಪ್ಪ ಬಂದ. ಕುರಿ ಸಾಕುವವನು, ಬೀರಪ್ಪನ ಭಕ್ತ. ಸ್ನಾನ ಮಾಡಿ ಹಣೆಗೆ ಭಂಡಾರದ ಅರಿಶಿನ ಬಳಿದುಕೊಂಡಿದ್ದ. "ಭಾಬಿ, ನಾ ಹೊರ್ತೀನಿ. ಭಾಯಿ ಕಟ್ಟಿಕೊಡ್ಲಿ, ಸಾಕು." ಹುಸೇನಸಾಬರು ಗೋಡೆಗೆ ಒರಗಿ ಕೂತು ಪಂಜಾವನ್ನು ಕೋಲಿಗೆ ಬಿಗಿದರು.

ಹಲಗೆ ಬಡಿತದ ಹಿಂದೆ ನಾವೂ ನಡೆದೆವು. ಪ್ರತಿ ಬಾಗಿಲಲ್ಲೂ ಹೆಂಗಸರು ಮಾಳಪ್ಪನ ಬರಿಗಾಲಿಗೆ ನೀರು ಸುರಿದರು. ಖಾತೂನಬಿಯ ಬಾಗಿಲಲ್ಲಿ ಮಾತ್ರ ಪಂಜಾ ಯಾವ ವರ್ಷವೂ ನಿಲ್ಲುವುದಿಲ್ಲವಂತೆ. ಮನೆಯವರೆಲ್ಲ ಮೆರವಣಿಗೆಯಲ್ಲೇ ಇದ್ದಮೇಲೆ ನೀರು ಹಾಕುವವರು ಯಾರು?

ಈ ಸಲ ಬಾಗಿಲಲ್ಲಿ ಯೂಸುಫ್ ಕೊಡ ಹಿಡಿದು ನಿಂತಿದ್ದ. ಮಾಳಪ್ಪ ನಿಂತ. ಹುಡುಗ ಪಂಜಾದ ಕಡೆ ನೋಡಲಿಲ್ಲ. ಬಗ್ಗಿ ನೀರು ಸುರಿದು, ಮಾಳಪ್ಪನ ಕಾಲಿಗೆ ಅಂಟಿದ ಕರಿಮಣ್ಣನ್ನು ಕೈಯಿಂದಲೇ ಉಜ್ಜಿ ತೊಳೆದ. ಖಾತೂನಬಿ ನನ್ನ ಭುಜ ಹಿಡಿದು ಅತ್ತರು. ನಾನೂ ಅತ್ತೆ. ಇದನ್ನು ನೋಡಲು ಕರೆದರಲ್ಲ ಎಂದು ಮನಸ್ಸು ತುಂಬಿ ಬಂತು.

ಸಂಜೆ ಯೂಸುಫನೇ ಮೋಟರ್‌ಸೈಕಲ್ ಮೇಲೆ ಉಮರ್ಗಾ ಬಸ್‌ಸ್ಟ್ಯಾಂಡಿಗೆ ಬಿಟ್ಟ. "ಪಂಜಾಕ್ಕಲ್ಲ ಮಾವಶಿ, ಕಾಕಾನ ಕಾಲಿಗೆ ನೀರ್ ಹಾಕೀನಿ. ಅಪ್ಪನ ಬದ್ಲಿ ಕೆಸರಾಗ ನಡದಾರ."

"ಅಮ್ಮಗ ಹೇಳಿದ್ಯಾ?"

"ಹೇಳೀನ್ರೀ."

"ಏನಂದ್ರು?"

ಅವನು ನಕ್ಕ. "ಮುಂದಿನ ವರ್ಷನೂ ಮನ್ಯಾಗೇ ಇರು, ಬಾಗಿಲದಾಗ ನೀರ್ ಹಾಕೋರು ಬೇಕು ಅಂದಳ್ರೀ."