ಪೋಲೆಂಡಿನ ಅಜ್ಜಿಯ ‘ತಕ್’

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಫ್ರಿಜ್ಜಿನ ಬೆನ್ನಿಗೆ ಕಿವಿಯಿಟ್ಟು ಅದರ ಕಾಯಿಲೆ ಹೇಳುತ್ತೇನೆ. ಕುವೈತಿನಲ್ಲಿ ನನ್ನ ಕೈ ಬಿದ್ದ ಮೇಲೆ ತಣ್ಣಗಾಗದ ಫ್ರಿಜ್ಜು ಇನ್ನೂ ಹುಟ್ಟಿಲ್ಲ.

ಈಸ್ಟರಿನ ಹಿಂದಿನ ದಿನ, ಶನಿವಾರ, ಅಹ್ಮದಿ ಪಟ್ಟಣದಿಂದ ಪೋಲೆಂಡಿನ ಇಂಜಿನಿಯರಮ್ಮ ಒಬ್ಬರು ಫೋನು ಮಾಡಿದರು. ಫ್ರಿಜ್ಜು ನಿಂತಿದೆ, ಕುರಿಮರಿ ಕರಗುತ್ತಿದೆ, ಬೇಗ ಬಾ ಎಂದರು. ಕುರಿಮರಿ ಕೊಳೆಯುವುದು ಗೊತ್ತು, ಕರಗುವುದು ಗೊತ್ತಿರಲಿಲ್ಲ. ಹೋಗಿ ನೋಡಿದರೆ ಅದು ಹಬ್ಬದ ಊಟಕ್ಕೆಂದು ಬೆಣ್ಣೆಯಲ್ಲಿ ಮಾಡಿದ ಮರಿ. ಕಣ್ಣಿಗೆ ಕಾಳುಮೆಣಸು ಇಟ್ಟಿದ್ದರು, ಒಂದು ಕಿವಿ ಆಗಲೇ ಕೆನ್ನೆಗೆ ಇಳಿದಿತ್ತು.

ಮನೆಯಲ್ಲಿ ಟಿವಿ ಇಲ್ಲ, ಜೋರು ಮಾತಿಲ್ಲ. ಯೇಸು ಸಮಾಧಿಯಲ್ಲಿದ್ದಾನೆ, ಇವತ್ತು ಸುಮ್ಮನೆ ಕಾಯುವ ದಿನ ಎಂದು ಪಿಸುಗುಟ್ಟಿ ಇಂಜಿನಿಯರಮ್ಮ ತಮ್ಮ ಕೋಣೆಗೆ ಹೋದರು. ಊರಿಂದ ಬಂದಿದ್ದ ಅವರ ತಾಯಿ ಮಾತ್ರ ಮೇಜಿನ ಹತ್ತಿರ ಹೆರಿಗೆ ಕೋಣೆಯ ಹೊರಗೆ ಕೂತವರ ಹಾಗೆ ಕೂತಿದ್ದರು. ನಾನೂ ಫ್ರಿಜ್ಜಿಗೆ ಗ್ಯಾಸ್ ತುಂಬಿ ಎದುರಿಗೆ ಕೂತೆ. ತಣ್ಣಗಾಗುವುದನ್ನು ಕಾಯುವುದೂ ನನ್ನ ಕಸುಬೇ.

ಮೇಜಿನ ಮೇಲೆ ಬುಟ್ಟಿಯಿತ್ತು. ಅದರಲ್ಲಿ ಬ್ರೆಡ್ಡು, ಉಪ್ಪು, ಸೂಜಿಯಿಂದ ಹೂ ಬಳ್ಳಿ ಗೀರಿದ ಒಂದೇ ಒಂದು ಕೆಂಪು ಮೊಟ್ಟೆ. ಅಜ್ಜಂದಿರು ಅಜ್ಜಿಯಂದಿರು ಯಾವ ದೇಶದವರಾದರೂ ನಾನು ನಮ್ಮ ಕುಂದಾಪುರದ ಮಾತೇ ಆಡುವುದು.

“ಮೊಟ್ಟೆ ಲಾಯ್ಕ್ ಇತ್ತ್ ಕಾಣಿ ಅಜ್ಜಿ. ನೀವೇ ಮಾಡದ್ದಾ?”

“ತಕ್, ತಕ್,” ಎಂದು ಅಜ್ಜಿ ತಲೆಯಾಡಿಸಿದರು.

ನಮ್ಮ ಕಡೆ ಕೊಡುವವರಿಗೆ ಅವಸರವಾದರೆ ‘ತಕೊ’ ಎನ್ನುವುದು ‘ತಕ್’ ಆಗುವುದುಂಟು. ನಾನೇನು ಹೊಟ್ಟೆಬಾಕನಲ್ಲ, ಮೊದಲು ಬೇಡ ಎಂದೆ. ಆಮೇಲೆ ಮೊಟ್ಟೆಯನ್ನೂ ನನ್ನ ಎದೆಯನ್ನೂ ತೋರಿಸಿ ಕೇಳಿದೆ. ಮತ್ತೆ ‘ತಕ್’. ಹಿರಿಯರು ಇಷ್ಟು ಒತ್ತಾಯ ಮಾಡುವಾಗ ಬೇಡ ಎನ್ನುವುದು ಸೊಕ್ಕು. ಶನಿವಾರ ನಾನು ಮೀನು ಮುಟ್ಟುವವನಲ್ಲ, ಆದರೆ ಮೊಟ್ಟೆ ಮೀನಲ್ಲ ಎಂದು ಅಲ್ಲಿಯೇ ತೀರ್ಮಾನ ಮಾಡಿಕೊಂಡೆ. ಸುಲಿದು, ಅವರ ಉಪ್ಪಿನಲ್ಲೇ ಅದ್ದಿ, ಅರ್ಧ ಕಚ್ಚಿದೆ.

ಅಜ್ಜಿಯ ಕೈ ಬಾಯಿಗೆ ಹೋಯಿತು. ಅಷ್ಟರಲ್ಲಿ ಮಗಳು ಬಂದರು.

ತಕ್ ಎಂದರೆ ಅವರ ಭಾಷೆಯಲ್ಲಿ ಹೌದು ಎಂದು ಮಗಳು ಬಿಡಿಸಿ ಹೇಳಿದರು. ಮೊಟ್ಟೆ ನನ್ನ ಮನಸ್ಸಿಗೆ ಹಿಡಿಸಿತು ಎನ್ನುತ್ತಿದ್ದೇನೆಂದು ಅಜ್ಜಿ ಹೌದು ಹೌದು ಎಂದಿದ್ದರಂತೆ. ಅದು ಬೆಳಿಗ್ಗೆ ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ ತಂದ ಮೊಟ್ಟೆ. ನಾಳೆ ಬೆಳಿಗ್ಗೆ ಅದನ್ನು ಮನೆಮಂದಿಯೆಲ್ಲ ಹಂಚಿ ತಿಂದ ಮೇಲೆಯೇ ಊಟ. ಅಷ್ಟಕ್ಕಾಗಿ ಅಜ್ಜಿ ವಿಮಾನ ಹತ್ತಿ ಬಂದಿದ್ದರು, ಅದಿಲ್ಲದೆ ತುತ್ತು ಮುಟ್ಟುವವರಲ್ಲ. ಈಗ ನನ್ನ ಕೈಯಲ್ಲಿದ್ದ ಅರ್ಧವೇ ಸಾಕು, ಕೊಡು ಎಂದು ಅಜ್ಜಿ ಕೈ ಚಾಚಿದರು.

ಎಂಜಲನ್ನು ದೇವರ ಊಟಕ್ಕೆ ಕೊಡುವುದೇ? ನಾನು ಕೈ ಹಿಂದೆ ಅಡಗಿಸಿದೆ. ಎಂಜಲಿಗೆ ನನ್ನ ಇಂಗ್ಲಿಷಿನಲ್ಲಿ ಪದವಿಲ್ಲ, ಅದಕ್ಕೆ ನಾಲಿಗೆ ಹೊರಹಾಕಿ ತೋರಿಸಿದೆ. ಪರಿಸ್ಥಿತಿ ಇನ್ನೂ ಕೆಟ್ಟಿತು.

ಚರ್ಚಿನಲ್ಲಿ ಇನ್ನೂ ಬುಟ್ಟಿಗಳಿಗೆ ಆಶೀರ್ವಾದ ನಡೆಯುತ್ತಿದೆ ಎಂದು ಮಗಳು ಹೇಳಿದ್ದೇ ತಡ, ತಿಂದವನು ನಾನು, ತರುವವನೂ ನಾನೇ ಎಂದು ಹೊರಟೆ. ದಾರಿಯ ಬಕಾಲಾ ಅಂಗಡಿಯಲ್ಲಿ ಒಂದು ಮೊಟ್ಟೆ ಕೊಂಡು, ಬಟ್ಟೆ ಸುತ್ತಿ ಟೂಲ್ ಬ್ಯಾಗಿನಲ್ಲಿಟ್ಟೆ. ಲೇಸು ಬಟ್ಟೆ ಹೊದ್ದ ಬುಟ್ಟಿಗಳ ಸಾಲಿನಲ್ಲಿ, ಗ್ರೀಸು ಮೆತ್ತಿದ ನನ್ನ ಬ್ಯಾಗೂ ಬಾಯಿ ತೆರೆದು ಕೂತಿತು. ಪುಣ್ಯಕ್ಕೆ ಪಾದ್ರಿ ನಮ್ಮ ಮಂಗಳೂರಿನ ಕಡೆಯವರು. ನನ್ನ ಮುಖ ಕಂಡೇ ಕನ್ನಡದಲ್ಲಿ ಕೇಳಿದರು.

“ಒಂದೇ ಮೊಟ್ಟೆಯಾ ಮಾರಾಯ್ರೆ?”

“ಇನ್ನೊಂದು ನಾನೇ ತಿಂದೆ ಫಾದರ್.”

ಅವರು ಹೆಚ್ಚು ವಿಚಾರಿಸಲಿಲ್ಲ. ತುಟಿ ಬಿಗಿಹಿಡಿದು ನೀರು ಚಿಮುಕಿಸಿದರು. ಮೊಟ್ಟೆಯ ಜೊತೆಗೆ ನನ್ನ ಸ್ಪ್ಯಾನರು, ಕಟಿಂಗ್ ಪ್ಲೇಯರು, ಎಲ್ಲವೂ ಪವಿತ್ರವಾದವು.

ಮನೆಗೆ ಬಂದಾಗ ಫ್ರಿಜ್ಜು ಗುಂಯ್‌ಗುಡುತ್ತಿತ್ತು, ಬೆಣ್ಣೆಮರಿ ಗಟ್ಟಿಯಾಗಿತ್ತು. ದೊಡ್ಡ ಕೆಲಸ ಗೆದ್ದವನ ಹಾಗೆ ಮೊಟ್ಟೆಯನ್ನು ಅಜ್ಜಿಯ ಮುಂದಿಟ್ಟೆ. ಅವರು ಅದನ್ನು ಮೇಜಿನ ಮೇಲೆ ಬುಗುರಿಯ ಹಾಗೆ ತಿರುಗಿಸಿದರು. ಅದು ಕುಡುಕನಂತೆ ವಾಲಾಡಿ ನಿಂತಿತು. ಹಸಿ ಮೊಟ್ಟೆ! ಬೇಯಿಸಿದ್ದು ಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಮೌನದ ದಿನ, ಮಗಳು ಶ್‌ ಶ್‌ ಎಂದಷ್ಟೂ ಅವರ ಭುಜ ಕುಣಿಯಿತು. ಕೊನೆಗೆ ಮಗಳೂ ನಕ್ಕರು. ಅಜ್ಜಿ ಕಣ್ಣೊರೆಸಿಕೊಂಡು, ಮೊಟ್ಟೆ ಕೆಂಪಾಗಲೆಂದು ಈರುಳ್ಳಿ ಸಿಪ್ಪೆ ಹಾಕಿದ ನೀರನ್ನು ಒಲೆಯ ಮೇಲಿಟ್ಟರು. ಆಶೀರ್ವಾದ ಆದ ಮೇಲೆ ಬೇಯಿಸಬಹುದೇ ಎಂದು ನನಗೆ ಚಿಂತೆ, ಮಗಳಿಂದ ಅಜ್ಜಿಗೆ ಕೇಳಿಸಿದೆ. ದೇವರಿಗೂ ಹಸಿ ಮೊಟ್ಟೆ ಸೇರುವುದಿಲ್ಲವಂತೆ.

ನೀರು ಕುದಿಯುವವರೆಗೆ ನಾವು ಮೂವರೂ ಪಾತ್ರೆಯ ಸುತ್ತ ನಿಂತು, ಒಬ್ಬರ ಮುಖ ಒಬ್ಬರು ನೋಡದೆ ಕಾದೆವು. ನೋಡಿದರೆ ಮತ್ತೆ ನಗು ಬರುತ್ತಿತ್ತು.