ಸೆಲ್ವಿಯ ತಾಯಿಯ ಹೆಸರು

ಆ ದಿನ ತರಗತಿಯಲ್ಲಿ ನಡೆದದ್ದು ನಿಮ್ಮ ತಪ್ಪಲ್ಲ, ಶೈಲಜಾ ಮೇಡಂ. ಅದು ನಾನು ಮಾಡಿಸಿದ್ದು. ಬೇಕೆಂದೇ ಮಾಡಿಸಿದ್ದು.

ಸುನಾಮಿಯಾದ ನಾಲ್ಕು ತಿಂಗಳಿಗೆ, ಬೇಸಿಗೆ ರಜೆಯಲ್ಲಿ, ಶ್ರೀಲಂಕಾದ ಕಡಲಂಚಿನ ಅನಾಥಾಲಯವೊಂದಕ್ಕೆ ನಾವಿಬ್ಬರೂ ಸಂಬಳವಿಲ್ಲದೆ ಪಾಠ ಹೇಳಲು ಹೋಗಿದ್ದೆವು. ಒಂದೇ ಶಾಲೆಯ ಇಬ್ಬರು ಟೀಚರುಗಳು ಎಂದು ಅರಸೀಕೆರೆಯಲ್ಲಿ ಎಲ್ಲರೂ ಹೊಗಳಿದ್ದರು. ನೀವು ಬಂದದ್ದು ಎರಡು ದಿನ ತಡವಾಗಿ. ಅಷ್ಟರಲ್ಲಿ ಅಲ್ಲಿನ ವಾರ್ಡನ್ ನನ್ನನ್ನು ಕೂರಿಸಿಕೊಂಡು, ಯಾವ ಮಗುವಿಗೂ ಅಪ್ಪ ಅಮ್ಮನ ಹೆಸರು ಕೇಳಬೇಡಿ, ಬರುವವರಿಗೂ ತಿಳಿಸಿ ಎಂದಿದ್ದರು. ತಿಳಿಸುತ್ತೇನೆ ಎಂದಿದ್ದೆ.

ತಿಳಿಸಲಿಲ್ಲ. ಮರೆತೆ ಎಂದು ಇಷ್ಟು ವರ್ಷ ನನಗೆ ನಾನೇ — ಇಲ್ಲ, ಮರೆತಿರಲಿಲ್ಲ. ಹೊಸ ತರಗತಿಗೆ ಹೋದರೆ ನಮ್ಮ ಕಡೆಯ ಟೀಚರುಗಳು ಮೊದಲು ಮಾಡುವುದೇನು? ಒಬ್ಬೊಬ್ಬರನ್ನೇ ಎಬ್ಬಿಸಿ ಹೆಸರು, ತಂದೆ ಹೆಸರು, ತಾಯಿ ಹೆಸರು, ಊರು ಹೇಳಿಸುವುದು. ಪ್ರತಿ ಜೂನ್‌ನಲ್ಲೂ ನೀವು ಅದನ್ನೇ ಮಾಡಿದವರು. ಮೊದಲ ದಿನ ಬೆಳಿಗ್ಗೆ ನೆರಿಗೆ ಸರಿಮಾಡಿಕೊಳ್ಳುತ್ತಾ, "ಏನಾದ್ರೂ ತಿಳ್ಕೊಂಡಿರ್ಬೇಕಾ ರೀ?" ಎಂದು ಕೇಳಿದಿರಿ.

"ಏನಿಲ್ಲ, ನಮ್ಮ ಮಕ್ಕಳ ಥರಾನೇ" ಎಂದೆ.

ಯಾಕೆಂದು ನಿಮಗೆ ಹೊಳೆಯಲಿಕ್ಕಿಲ್ಲ. ಹಗರೆಯಲ್ಲಿ ನಿಮ್ಮ ಹೊಸಮನೆಯ ಗೃಹಪ್ರವೇಶಕ್ಕೆ ಸ್ಟಾಫ್ ರೂಮಿನವರೆಲ್ಲ ಟೆಂಪೋ ಮಾಡಿಕೊಂಡು ಹೋಗಿದ್ದರು. ನಾನೊಬ್ಬಳೇ ಏಳು ತರಗತಿ ಸಂಭಾಳಿಸುತ್ತಾ ಉಳಿದಿದ್ದೆ. ಮರುದಿನ ನೀವು ನಗುತ್ತಲೇ ಅಂದಿರಿ: "ನೀವು ಬೌದ್ಧರಲ್ವಾ, ಹೋಮ ಗೀಮ ಹಿಡಿಸಲ್ಲ ಅಂತ ಕರೀಲಿಲ್ಲ ಕಣ್ರೀ." ಪಂಕ್ತಿಯಲ್ಲಿ ನಾನು ಕೂತರೆ ಯಾರಿಗೆ ಹಿಡಿಸುತ್ತಿರಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಮರ್ಯಾದೆ ಕೊಟ್ಟ ಹಾಗೆ ಮಾಡಿ ಮರ್ಯಾದೆ ಕಳೆದಿರಿ. ಅಂದಿನಿಂದ ಹಲ್ಲು ಕಚ್ಚಿಕೊಂಡು ಕಾದಿದ್ದೆ.

ಕಿಟಕಿಯ ಹೊರಗೆ ನಿಂತು ನೋಡಿದೆ. ಮೊದಲ ಬೆಂಚಿನ ಸೆಲ್ವಿಯನ್ನು ಎಬ್ಬಿಸಿದಿರಿ — ಏಳು ವರ್ಷದವಳು, ತಿಂಗಳುಗಟ್ಟಲೆ ತುಟಿ ಬಿಚ್ಚದೆ ಇದ್ದು ಅದೇ ವಾರ ಮಾತಾಡತೊಡಗಿದ್ದಳಂತೆ. ತನ್ನ ಹೆಸರು ಹೇಳಿದಳು. ಅಪ್ಪನ ಹೆಸರು ಹೇಳಿದಳು. ಅಮ್ಮನ ಹೆಸರಿಗೆ ಬಾಯಿ ತೆರೆದಳು, ಮಾತು ಬರಲಿಲ್ಲ. ನಿಮಗೆ ಬರುತ್ತಿದ್ದ ಅಷ್ಟಿಷ್ಟು ತಮಿಳಿನಲ್ಲಿ, ಪ್ರೀತಿಯಿಂದಲೇ, ಮತ್ತೆ ಕೇಳಿದಿರಿ. ನಿಂತಲ್ಲೇ ಅವಳ ಫ್ರಾಕು ಒದ್ದೆಯಾಯಿತು. ಒಳಗೆ ಬಂದು ನಿಮ್ಮನ್ನು ತಡೆಯಲು ನನಗೆ ನಾಲ್ಕು ಹೆಜ್ಜೆ ಸಾಕಿತ್ತು — ಇಡಲಿಲ್ಲ. ನಿಮ್ಮ ಮುಖ ಬಿಳಿಚಿಕೊಳ್ಳುವುದನ್ನು ನೋಡಬೇಕಿತ್ತು. ನೋಡಿದೆ. ಹೊಟ್ಟೆ ತಣ್ಣಗಾಯಿತು.

ವಾರದೊಳಗೆ ನೀವು ಅಳುತ್ತಾ ಊರಿಗೆ ಹೊರಟಿರಿ. ನಾನು ರಜೆ ಮುಗಿಯುವವರೆಗೂ ಇದ್ದು ಬಂದೆ. ಶಾಲು ಹೊದಿಸಿದರು, ಹೊದ್ದುಕೊಂಡೆ. ಚಿಕ್ಕ ಮಕ್ಕಳಿಗೆ ಪಾಠ ಮಾಡುವ ಯೋಗ್ಯತೆ ನಿಮಗಿಲ್ಲವೆಂದುಕೊಂಡು ನೀವು ಆ ತರಗತಿಗಳನ್ನೇ ಬಿಟ್ಟುಕೊಟ್ಟಿರಿ. ಆಗಲೂ ನಾನು ಬಾಯಿ ಬಿಡಲಿಲ್ಲ.

ನಿಮ್ಮ ಮೇಲಿನ ಸಿಟ್ಟು ಇಂದಿಗೂ ಆರಿಲ್ಲ. ಆ ಮಾತನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ನಿಮಗೆ ಹೊಡೆಯಲು ನಾನು ಕೈಗೆತ್ತಿಕೊಂಡದ್ದು ಒಂದು ಮಗುವನ್ನು. ನಾನಿದ್ದ ಅಷ್ಟೂ ದಿನ ಸೆಲ್ವಿ ಮತ್ತೆ ಮಾತಾಡಲಿಲ್ಲ. ದಿನವೂ ಪಕ್ಕದಲ್ಲಿ ಕೂತು ನಾನೇ ಅನ್ನ ತಿನ್ನಿಸುತ್ತಿದ್ದೆ. ನನ್ನನ್ನು ಒಳ್ಳೆಯವಳೆಂದು ನಂಬಿ, ನನ್ನ ಬೆರಳು ಹಿಡಿದುಕೊಂಡೇ ತಿನ್ನುತ್ತಿದ್ದಳು. ಹೊರಡುವ ದಿನವೂ ಅವಳು ಬಿಡಲಿಲ್ಲ. ಬೆರಳು ಬಿಡಿಸಿಕೊಂಡವಳು ನಾನೇ.